ಹಗ್ಗದ ತುದಿಯಲ್ಲಿ ಬಂದವನು

"ಗುರುಗಳೇ, ಕ್ರಿಸ್ತನು ನನಗಾಗಿ ಸತ್ತನೆಂದು ನಂಬುತ್ತೇನೆ. ಆದರೂ ನನಗೆ ನೆಮ್ಮದಿ ಏಕಿಲ್ಲ?"

ದೇವಮಿತ್ರ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದ. ಕುಳಿತುಕೊಳ್ಳಲು ಗುರು ಹೇಳಿದ್ದರು. ಅವನು ಕುಳಿತು, ಮತ್ತೆ ಎದ್ದಿದ್ದ.

"ನೆಮ್ಮದಿ ಇಲ್ಲದಾಗ ಏನು ಮಾಡುತ್ತೀಯ?" ಎಂದು ಗುರು ಕೇಳಿದರು.

"ಉಪವಾಸ ಮಾಡುತ್ತೇನೆ. ಪ್ರಾರ್ಥನೆಯ ಹೊತ್ತನ್ನು ಹೆಚ್ಚಿಸಿದ್ದೇನೆ. ಕುಷ್ಠರೋಗಿಗಳ ಆಶ್ರಮಕ್ಕೆ ಹೋಗಿ ಗಾಯ ತೊಳೆಯುತ್ತೇನೆ. ಮುಗಿಸಿ ಬಾಗಿಲು ದಾಟುವಷ್ಟರಲ್ಲಿ ಇದು ಸಾಲದು ಎನಿಸುತ್ತದೆ. ದೇವರ ಪ್ರೀತಿ ಉಚಿತ, ನಂಬಿದರೆ ಸಾಕು ಎನ್ನುತ್ತೀರಿ. ಉಚಿತವಾಗಿ ಪಡೆದದ್ದಕ್ಕೇ ಹಂಗು ಹೆಚ್ಚು. ಒಂದು ಲೋಟ ಮಜ್ಜಿಗೆಯ ಹಂಗನ್ನೂ ನಾವು ಇಟ್ಟುಕೊಳ್ಳುವುದಿಲ್ಲ. ಒಂದು ಪ್ರಾಣದ ಹಂಗನ್ನು ನಾನು ಹೇಗೆ ತೀರಿಸಲಿ?"

ಗುರು ಈ ಕತೆ ಹೇಳಿದರು.

ಬಾವಿಯ ಹೂಳು ತೆಗೆಯುವವನೊಬ್ಬನಿದ್ದ. ಅವನಿಗೆ ಹೆಂಡತಿ ಮತ್ತು ಒಬ್ಬನೇ ಮಗ. ಮಗ ಬಾವಿಗೆ ಇಳಿಯುತ್ತಿದ್ದ. ಅಪ್ಪ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಕೆಳಗಿನಿಂದ ಹಗ್ಗ ಜಗ್ಗಿದರೆ ಮೇಲಕ್ಕೆ ಎಳೆಯಬೇಕು. ಇದು ಅವರ ಕೆಲಸದ ಕ್ರಮ.

ಬಹಳ ದಿನ ಬಳಸದ ಬಾವಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಉರಿಯುವ ದೀಪವೊಂದನ್ನು ಇಳಿಸಿ ನೋಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಸೊಪ್ಪಿನ ಕಂತೆ ಇಳಿಸಿ, ಮೇಲೆ ಕೆಳಗೆ ಆಡಿಸಿ, ಗಾಳಿ ಕದಲುವವರೆಗೆ ಕಾಯುತ್ತಾರೆ.

ಒಂದು ಊರಿನಲ್ಲಿ ಕೆಲಸ ಹೆಚ್ಚಿತ್ತು. ಕೂಲಿ ಕೇಳಿಕೊಂಡು ಬಂದ ಪರವೂರಿನ ಯುವಕನೊಬ್ಬನನ್ನು ಜೊತೆಗೆ ಸೇರಿಸಿಕೊಂಡರು. ಬೆಳಿಗ್ಗೆ ದೀಪ ಇಳಿಸಿದರು. ದೀಪ ಆರಿತು.

ಯುವಕ ನಕ್ಕ. "ದೀಪಕ್ಕೆ ಹೆದರೋ ಗಂಡಸರನ್ನ ಇವತ್ತೇ ನೋಡಿದ್ದು ನಾನು" ಎಂದ.

"ನಗಪ್ಪ, ನಗು. ಮೇಲೆ ನಿಂತು ಎಷ್ಟು ಬೇಕಾದರೂ ನಗು" ಎಂದ ಮಗ.

ಅಪ್ಪ, ಮಗ ಸೊಪ್ಪು ತರಲು ಹೋದರು. ಅವರು ಮರಳುವಷ್ಟರಲ್ಲಿ ಯುವಕ ಗೋಡೆಯ ಕಲ್ಲುಗಳನ್ನು ಹಿಡಿದು ತಾನಾಗಿಯೇ ಕೆಳಗಿಳಿದಿದ್ದ. ಈಗ ಕೆಸರಿನಲ್ಲಿ ಬಿದ್ದಿದ್ದ. ಕೂಗಿದರೆ ಉತ್ತರವಿರಲಿಲ್ಲ.

ಇದ್ದದ್ದು ಒಂದೇ ಹಗ್ಗ. ಮಗ ಅಪ್ಪನ ಮುಖ ನೋಡಿದ. ಅಪ್ಪ ಮಗನ ಮುಖ ನೋಡಿದ. ಇಬ್ಬರಿಗೂ ಆ ಗಾಳಿ ಗೊತ್ತಿತ್ತು. ಹಗ್ಗವನ್ನು ಮಗನ ಸೊಂಟಕ್ಕೆ ಅಪ್ಪನೇ ಕಟ್ಟಿದ.

ಸ್ವಲ್ಪ ಹೊತ್ತಿಗೆ ಹಗ್ಗ ಜಗ್ಗಿತು. ಅಪ್ಪ ಎಳೆದ. ತುದಿಯಲ್ಲಿ ಒಬ್ಬ ಮನುಷ್ಯನ ಭಾರವಿತ್ತು. ಬಾವಿಯ ಬಾಯಿಗೆ ಬಂದ ಮುಖ ಮಗನದಾಗಿರಲಿಲ್ಲ. ಮಗ ತನ್ನ ಸೊಂಟದ ಹಗ್ಗವನ್ನು ಬಿಚ್ಚಿ ಆ ಯುವಕನಿಗೆ ಕಟ್ಟಿದ್ದ. ಅಪ್ಪ ಹಗ್ಗವನ್ನು ಮತ್ತೆ ಇಳಿಬಿಟ್ಟ. ಅದನ್ನು ಯಾರೂ ಜಗ್ಗಲಿಲ್ಲ.

ಯುವಕನಿಗೆ ಉಸಿರು ಬಂತು. ಊರಿನವರು ಅವನನ್ನು ಹೊಡೆಯಲು ನುಗ್ಗಿದರು. ಅಪ್ಪ ಅಡ್ಡ ನಿಂತ.

"ಇವನನ್ನ ನನ್ನ ಮಗ ಮೇಲೆ ಕಳಿಸಿದ್ದಾನೆ. ಯಾರೂ ಮುಟ್ಟಕೂಡದು" ಎಂದ.

ಗಂಡ ಹೆಂಡತಿ ಯುವಕನನ್ನು ಮನೆಗೆ ಕರೆದುಕೊಂಡು ಹೋದರು. ಹೆಂಡತಿ ಮಗನ ಚಾಪೆಯನ್ನು ಹಾಸಿಕೊಟ್ಟಳು. "ಇದು ನಿನ್ನ ಮನೆ. ನಾವು ನಿನ್ನ ತಾಯಿ ತಂದೆ. ಇಷ್ಟನ್ನ ನಂಬು, ಸಾಕು" ಎಂದಳು. ಅವರು ಅವನಿಂದ ಬೇರೇನೂ ಕೇಳಲಿಲ್ಲ.

ಅದೊಂದೇ ಅವನಿಂದ ಆಗಲಿಲ್ಲ. ಚಾಪೆಯನ್ನು ಸುತ್ತಿಟ್ಟು ಹೊರಗೆ ಜಗಲಿಯಲ್ಲಿ ಮಲಗಿದ. ಎಲ್ಲರಿಗಿಂತ ಮೊದಲು ಎದ್ದು ನೀರು ಸೇದಿದ. ಹಂಡೆ ತುಂಬಿದ ಮೇಲೂ ಸೇದಿದ. ಮುಂದಿನ ಬೇಸಿಗೆಯವರೆಗೆ ಆಗುವಷ್ಟು ಸೌದೆ ಸೀಳಿದ. ಸೋರದ ಚಾವಣಿಯ ಹೆಂಚನ್ನು ಇಳಿಸಿ ಮತ್ತೆ ಹೊದಿಸಿದ. ಬಾಗಿಲ ಬಳಿ ಕುಳಿತು ಬೇಗಬೇಗ ಉಂಡು, ತಟ್ಟೆ ತೊಳೆದಿಟ್ಟು ಏಳುತ್ತಿದ್ದ. ಗಂಡನನ್ನು "ಯಜಮಾನ್ರೇ" ಎನ್ನುತ್ತಿದ್ದ, ಹೆಂಡತಿಯನ್ನು "ಅಮ್ಮಾವ್ರೇ" ಎನ್ನುತ್ತಿದ್ದ.

"ಒಂದು ಗಳಿಗೆ ಕೂತ್ಕೊಳ್ಳೋ, ಮಗಾ" ಎಂದು ಅವಳು ಹೇಳಿದರೆ ಪೊರಕೆ ಎತ್ತಿಕೊಳ್ಳುತ್ತಿದ್ದ.

ಕೊಡ ಹೊರುವಾಗ ಮನಸ್ಸಿನಲ್ಲೇ ಅಳೆಯುತ್ತಿದ್ದ. ಒಂದು ಪ್ರಾಣಕ್ಕೆ ಎಷ್ಟು ಕೊಡ ನೀರು ಸಮ? ಲೆಕ್ಕ ಎಂದೂ ಮುಗಿಯುತ್ತಿರಲಿಲ್ಲ. ಅವನು ಇನ್ನೂ ಬೇಗ ನಡೆಯುತ್ತಿದ್ದ.

ಪಕ್ಕದ ಮನೆಯವಳು ಒಮ್ಮೆ ಬೇಲಿಯಾಚೆಯಿಂದ, "ಬಿಡಮ್ಮ, ಜೋಡಿ ಎತ್ತಿನ ಹಾಗೆ ಗೆಯ್ಯೋ ಆಳು ಸಿಕ್ಕಿದ್ದಾನೆ ನಿನಗೆ" ಎಂದಳು. ಹೆಂಡತಿ ಮುಖ ತಿರುಗಿಸಿ ಒಳಗೆ ಹೋದಳು.

ಮತ್ತೊಂದು ಊರಿನಿಂದ ಹೂಳು ತೆಗೆಯುವ ಕೆಲಸಕ್ಕೆ ಕರೆ ಬಂತು. ಯಜಮಾನನ ಜೊತೆ ಯುವಕನೂ ಹೋದ. ಯಜಮಾನ ದೀಪ ಇಳಿಸಿದ. ದೀಪ ಆರಿತು. "ನಾಳೆ ನೋಡೋಣ" ಎಂದ.

ಬಾವಿಯ ಒಡೆಯನೂ ಒಪ್ಪಿದ. "ಆಗಲಿ ಮಾರಾಯ, ಬಾವಿ ಏನು ಓಡಿಹೋಗುತ್ತಾ?" ಎಂದ.

ಅಷ್ಟರಲ್ಲಿ ಯುವಕ ಕಟ್ಟೆಯ ಮೇಲೆ ಹತ್ತಿದ್ದ. ಸೊಂಟಕ್ಕೆ ಹಗ್ಗವಿರಲಿಲ್ಲ. ಯಜಮಾನ ಓಡಿ ಅವನ ತೋಳು ಹಿಡಿದ.

"ಬಿಡಿ ಯಜಮಾನ್ರೇ. ಪ್ರಾಣಕ್ಕೆ ಪ್ರಾಣ ಸರಿಹೋಗಲಿ. ದುಡಿದು ತೀರೋ ಹಂಗಲ್ಲ ಇದು. ನಾನು ಹೋದರೆ ಅಳೋರು ಯಾರಿದ್ದಾರೆ?"

ಯಜಮಾನ ಅವನನ್ನು ಕಟ್ಟೆಯಿಂದ ಎಳೆದು ಕೆನ್ನೆಗೆ ಹೊಡೆದ. ಅದುವರೆಗೆ ಅವನ ಮೇಲೆ ಕೈ ಎತ್ತಿರಲಿಲ್ಲ.

"ನಿನ್ನ ಪ್ರಾಣ ಕೇಳಿದೋರು ಯಾರೋ? ನೀನು ಒಳ್ಳೆಯವನು ಅಂತ ಅವನು ಇಳಿದನಾ? ಮುಂದೆ ದುಡಿದು ಹಾಕ್ತೀಯ ಅಂತ ಇಳಿದನಾ? ನೀನು ಸಾಯ್ತಿದ್ದೆ, ಅದಕ್ಕೇ ಇಳಿದ. ಒಬ್ಬ ಮಗನನ್ನ ಇದೇ ಕೈಯಲ್ಲಿ ಇಳಿಸಿದ್ದೀನಿ. ಇನ್ನೊಬ್ಬನನ್ನೂ ಇಳಿಸು ಅಂತೀಯಾ?"

ಯುವಕ ಕೆನ್ನೆ ಹಿಡಿದುಕೊಂಡು ನಿಂತ. ನೀನು ನಮ್ಮ ಮಗ ಎಂದು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದರು. ಉಪಚಾರಕ್ಕೆ ಹೇಳುತ್ತಾರೆ ಎಂದುಕೊಂಡಿದ್ದ. ಉಪಚಾರಕ್ಕೆ ಯಾರೂ ಹೀಗೆ ಹೊಡೆಯುವುದಿಲ್ಲ.

ಇಬ್ಬರೂ ಮಧ್ಯಾಹ್ನಕ್ಕೆ ಮನೆಗೆ ಬಂದರು. ಹೆಂಡತಿ ಮುದ್ದೆ ಬಡಿಸಿದಳು. ಯುವಕ ಒಳಗೆ ಬಂದು ಯಜಮಾನನ ಪಕ್ಕದಲ್ಲಿ ಕುಳಿತ. ಒಂದು ತುತ್ತು ನುಂಗಿದ.

"ಅವ್ವಾ, ಸಾರಿಗೆ ಉಪ್ಪು ಕಮ್ಮಿಯಾಗಿದೆ" ಎಂದ.

ಅವಳ ಕೈಯಿಂದ ಸೌಟು ಜಾರಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಉಪ್ಪಿನ ಮರಿಗೆ ತಂದಳು.

"ಇಷ್ಟು ದಿನ ಬಾಯಿಲ್ವೇನೋ ನಿನಗೆ? ದಿನಾ ಇದನ್ನೇ ನುಂಗ್ತಿದ್ಯಾ? ನಿಮ್ಮಣ್ಣ ಇದ್ದಿದ್ರೆ ತಟ್ಟೆ ತಳ್ಳಿ ಎದ್ದಿರ್ತಿದ್ದ" ಎಂದು ಬೈದಳು.

ಯುವಕ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡ. ಉಂಡವನು ಅಲ್ಲಿಯೇ ಗೋಡೆಗೆ ಒರಗಿ ನಿದ್ದೆ ಹೋದ. ತಟ್ಟೆ ತೊಳೆಯಲು ಏಳಲಿಲ್ಲ.

ಗುರು ಕತೆ ನಿಲ್ಲಿಸಿದರು.

ದೇವಮಿತ್ರ ಕೇಳಿದ: "ಆಮೇಲೆ ಅವನು ದುಡಿಯುವುದನ್ನು ಬಿಟ್ಟುಬಿಟ್ಟನೇ?"

"ಇಲ್ಲ. ಮರುದಿನವೂ ನೀರು ಸೇದಿದ. ಹಂಡೆ ತುಂಬಿದ ಮೇಲೆ ನಿಲ್ಲಿಸಿದ."

"ಹಾಗಾದರೆ ಅವನ ಮೊದಲಿನ ದುಡಿಮೆಯಲ್ಲಿ ತಪ್ಪೇನು, ಗುರುಗಳೇ? ಅವನಿಗೆ ನೆಮ್ಮದಿ ಇರಲಿಲ್ಲ, ನಿಜ. ಅದು ಅವನ ಸಂಕಟ. ಆ ಮನೆಗಂತೂ ಅದರಿಂದ ಯಾವ ನಷ್ಟವೂ ಆಗಲಿಲ್ಲವಲ್ಲ?"

ಗುರು ಹೇಳಿದರು: "ಆ ಮಧ್ಯಾಹ್ನದವರೆಗೆ ಆ ತಾಯಿ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದಳು."