ಐದು ಮಣೆ, ಎರಡು ಮಡಕೆ

ಹೂಂಗುಟ್ಟೋರು ಮುಂದೆ ಕೂತ್ಕೊಳ್ಳಿ, ಆಕಳಿಸೋರು ಹಿಂದಕ್ಕೆ ಹೋಗಿ. ಹುಣಸೆಕಟ್ಟೆ ಅಂತ ಒಂದೂರು. ಅಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ. ಕೆಳಗಿನ ಬೀದಿಯಲ್ಲಿ ಚನ್ನಾಜಮ್ಮ, ಅವಳಿಗೊಬ್ಬ ಮಗ ಜವರ. ಎಂಥ ಪೆದ್ದ ಅಂತೀರಿ? ಬಾಗಿಲು ನೋಡ್ಕೋ ಅಂದ್ರೆ ಬಾಗಿಲನ್ನೇ ನೋಡ್ತಾ ಕೂರೋನು. ಬೆಕ್ಕು ಕಿಟಕಿಯಿಂದ ಬಂದು ಹಾಲು ಕುಡಿದು ಹೋಗೋದು.

ಊರಿಗಿದ್ದ ಬಾವಿ ಮೇಲಿನ ಬೀದಿಯಲ್ಲಿ. ಚನ್ನಾಜಮ್ಮ ಮದುವೆಯಾಗಿ ಬಂದ ದಿನದಿಂದ ಅಲ್ಲಿಂದಲೇ ಕೊಡ ಹೊರ್ತಿದ್ದಳು. ನಮ್ಮ ಬೀದಿಗೂ ಒಂದು ಬಾವಿ ಆಗ್ಬೇಕು ಅನ್ನೋದೊಂದೇ ಅವಳ ಆಸೆ. ಬಾವಿ ಎಲ್ಲಿ ತೋಡ್ಬೇಕು ಅಂತ ಹೇಳೋರು ಚಾವಡಿಯ ಐದು ಮಣೆ ಮೇಲೆ ಕೂರೋ ಐದು ಜನ. ಅವರನ್ನ ಆರಿಸೋಕೆ ಬೀದಿಗೊಂದು ಮಡಕೆ. ಯಾರೂ ಮನೆಯಿಂದ ಹಸಿ ಬೀಜ ತಂದು ಸೇರಿಸಬಾರದು ಅಂತ, ಗೌಡರ ಮನೆಯಲ್ಲೇ ಹುಣಸೆ ಬೀಜ ಹುರಿದು ತಲೆಗೊಂದು ಕೊಡೋರು. ಅದನ್ನ ಅವರವರ ಬೀದಿ ಮಡಕೆಗೆ ಹಾಕ್ಬೇಕು. ಯಾವ ಮಡಕೆಯಲ್ಲಿ ಬೀಜ ಹೆಚ್ಚೋ ಆ ಬೀದಿಗೆ ಐದೂ ಮಣೆ. ಮೇಲಿನ ಬೀದಿಯಲ್ಲಿ ಮೂರು ಪಾಲು ಜನ, ಕೆಳಗಿನದರಲ್ಲಿ ಎರಡು ಪಾಲು. ವರ್ಷ ವರ್ಷವೂ ಐದೂ ಮಣೆ ಮೇಲಕ್ಕೇ!

"ಅವ್ವಾ, ನಮಗೆ ಒಂದೂ ಇಲ್ವಾ?"

"ಹೆಚ್ಚಿದ್ದೋರಿಗೇ ಎಲ್ಲಾ ಕಣೋ. ಊರು ನಡೆಯೋದೇ ಹಂಗೆ, ತಿಳ್ಕೋ."

"ಆಗ್ಲಿ ಕಣವ್ವಾ!"

ಮಾರನೇ ದಿನ ಅವ್ವ ನೀರಿಗೆ ಹೋದಳು. ಹಿತ್ತಲಲ್ಲಿ ಮೂರು ಕೋಳಿ, ಎರಡು ಮೇಕೆ. ಜವರ ಎಣಿಸಿದ. ನುಚ್ಚೂ ಕೋಳಿಗೆ, ಸೊಪ್ಪೂ ಕೋಳಿಗೆ! ಮೇಕೆ ಅರಚಿದ್ದೇ ಅರಚಿದ್ದು.

"ಅಯ್ಯೋ ಪೆದ್ದ ಮುಂಡೇದೇ, ಇದೇನೋ?"

"ಕೋಳಿ ಗೆದ್ದವು ಕಣವ್ವಾ!"

"ನಿನ್ನ ತಲೆ! ಹೊಟ್ಟೆ ಎಲ್ಲಕ್ಕೂ ಇಲ್ವೇನೋ? ಲೆಕ್ಕಕ್ಕೆ ತಕ್ಕಂಗೆ ಎಲ್ಲರಿಗೂ ಪಾಲು ಹಾಕ್ಬೇಕು!"

"ಆಗ್ಲಿ ಕಣವ್ವಾ!"

ಆಮೇಲೆ ಸೋದರಮಾವ ಹೆಂಡತಿ ಮಕ್ಕಳ ಸಮೇತ ಬಂದ. ಚಳಿಯೋ ಚಳಿ. "ಮಾವನೋರಿಗೆ ಕಂಬಳಿ ಕೊಡೋ" ಅಂದಳು ಅವ್ವ. ಇದ್ದದ್ದು ಒಂದೇ ಕಂಬಳಿ, ಬಂದೋರು ಐದು ಜನ. ಜವರ ಕುಡುಗೋಲು ತಂದು ಕಂಬಳೀನ ಐದು ತುಂಡು ಮಾಡಿದ! ಮಾವನಿಗೆ ಮೊಣಕಾಲು ಬೆಚ್ಚಗಾಯ್ತು, ಮಿಕ್ಕಿದ್ದೆಲ್ಲ ಗಡಗಡ.

"ಅಯ್ಯೋ ಪೆದ್ದ ಮುಂಡೇದೇ! ಒಂದೇ ಇದ್ರೆ ಹರೀಬಾರ್ದು ಕಣೋ, ಒಟ್ಟಿಗೆ ಹೊದ್ಕೋಬೇಕು. ಹಂಚೋದು ನಾಲ್ಕೈದು ಇದ್ದಾಗ!"

"ಆಗ್ಲಿ ಕಣವ್ವಾ!"

ಬಂತು ಬೀಜ ಹಾಕೋ ದಿನ. ಪೆದ್ದನಿಗೆ ಮೋಸ ಬರಲ್ಲ ಅಂತ, ಗೆದ್ದೋರಿಗೆ ಮಣೆ ಹಾಕೋ ಕೆಲಸ ಜವರನಿಗೇ ಕೊಟ್ರು. ಅವನು ಎರಡೂ ಮಡಕೆ ನೋಡಿದ, ಮಣೆ ನೋಡಿದ. ಮೇಲಿನ ಬೀದಿ ಕಡೆ ಮೂರು ಹಾಕಿದ, ಕೆಳಗಿನ ಬೀದಿ ಕಡೆ ಎರಡು ಹಾಕಿದ.

"ಲೇ ಪೆದ್ದ, ಇದೇನೋ?" ಅಂದ್ರು ಗೌಡರು.

"ಐದಿವೆಯಲ್ಲ ಗೌಡ್ರೇ! ಹರಿಯೋದೇನೂ ಬೇಡ, ಹಂಚ್ಬೋದು."

ಚಾವಡಿಗೆ ಚಾವಡಿಯೇ ನಕ್ಕಿತು. ಚನ್ನಾಜಮ್ಮ ನಗಲಿಲ್ಲ, ಬೈಯಲೂ ಇಲ್ಲ. ಆ ಎರಡು ಖಾಲಿ ಮಣೆಗಳನ್ನೇ ನೋಡ್ತಾ ನಿಂತಳು. ಅವುಗಳ ಮೇಲೆ ನಮ್ಮೋರು ಇಬ್ಬರು ಕೂತ್ರೆ, ಗೆಲ್ಲೋದು ಹಂಗಿರ್ಲಿ, ಬಾವಿ ಅನ್ನೋ ಮಾತನ್ನಾದ್ರೂ ಅಲ್ಲಿ ಒಂದು ಸಲ ಆಡೋರು. ಅಷ್ಟಕ್ಕೇ ಅವಳ ಜೀವ ಎಷ್ಟು ಹಂಬಲಿಸ್ತಿತ್ತು ಗೊತ್ತಾ!

"ಹೆಚ್ಚಿದ್ದೋರಿಗೇ ಎಲ್ಲಾ!" ಅಂತ ಗೌಡರು ಎರಡೂ ಮಣೆ ಎತ್ತಿಸಿ ಮೇಲಿನ ಬೀದಿ ಕಡೆ ಹಾಕಿಸಿದ್ರು. ಕೆಳಗಿನ ಬೀದಿ ಬೀಜಗಳನ್ನ ಜವರನ ಪಂಚೆಗೆ ಸುರಿದ್ರು. "ಇವು ಲೆಕ್ಕಕ್ಕಿಲ್ಲ, ಹೊತ್ಕೊಂಡ್ಹೋಗು!"

ಮನೆಗೆ ಬಂದು ಜವರ ಕೇಳಿದ. "ಅವ್ವಾ, ಇವು ಯಾಕೆ ಲೆಕ್ಕಕ್ಕಿಲ್ಲ?"

ಚನ್ನಾಜಮ್ಮನ ಕಣ್ಣು ತುಂಬ್ತು. "ನಮ್ಮ ಬೀಜಕ್ಕೆ ನೀರು ಹಾಕೋರು ಯಾರಿದ್ದಾರೆ ಮಗಾ?"

"ಆಗ್ಲಿ ಕಣವ್ವಾ!"

ಬೆಳಗ್ಗೆ ಅವಳು ಬಾವಿಯಿಂದ ಕೊಡ ತಂದಿಳಿಸಿ ಒಳಗೆ ಹೋಗಿ ಬರೋದರೊಳಗೆ ಕೊಡ ಬರಿದು! ಬೀದಿ ಉದ್ದಕ್ಕೂ ಸಾಲಾಗಿ ಗುಳಿ, ಗುಳಿಗೊಂದು ಬೀಜ, ಬೀಜಕ್ಕೊಂದು ಬೊಗಸೆ ನೀರು.

"ಅಯ್ಯೋ ಪೆದ್ದ ಮುಂಡೇದೇ, ಇದೇನೋ?"

"ನಾನಿದ್ದೀನಲ್ಲವ್ವಾ, ನೀರು ಹಾಕೋಕೆ! ಮರ ಆಗ್ಲಿ, ಕಡಿದು ಎರಡು ಮಣೆ ಮಾಡ್ತೀನಿ. ಒಂದರ ಮೇಲೆ ನೀನು ಕೂತ್ಕೋ. ಆ ಕೊನೇ ಮೂರಕ್ಕೆ ನೀರು ಸಾಲ್ಲಿಲ್ಲ ಕಣವ್ವಾ."

ಚನ್ನಾಜಮ್ಮ ಹೊಡೆಯೋಕೆ ಕೈ ಎತ್ತಿದಳು. ಹುರಿದ ಬೀಜ ಎಲ್ಲಾದ್ರೂ ಮೊಳೆಯುತ್ತಾ? ಅವಳಿಗೆ ಗೊತ್ತಿಲ್ವಾ? ಎತ್ತಿದ ಕೈಯಲ್ಲೇ ಖಾಲಿ ಕೊಡ ಎತ್ಕೊಂಡಳು, ಸೊಂಟಕ್ಕಿಟ್ಟು ಮತ್ತೆ ಮೇಲಿನ ಬೀದಿ ಕಡೆ ಹೊರಟಳು.

"ಇಲ್ಲೇ ಇರು, ತರ್ತೀನಿ" ಅಂದಳು. "ಆ ಮೂರನ್ನ ಬಿಟ್ಟುಬಿಡಬೇಡ."