ಹೆಜ್ಜೆ ಕೂಗುವವಳು

"ಗುರುಗಳೇ, ಯೋಗ್ಯತೆ ಇದ್ದವನನ್ನು ಹಿಂದಿರಿಸಿ ಇಲ್ಲದವನನ್ನು ಮುಂದೆ ನಿಲ್ಲಿಸಿದರೆ, ಹಿಂದುಳಿದವನ ಹೊಟ್ಟೆ ಉರಿಯುವುದು ತಪ್ಪೇ?"

ಕೇಳಿದವನು ಮುರಿಗೆಯ್ಯ, ಮಠದ ಹಿರಿಯ ಶಿಷ್ಯ. ಕೇರಿಗಳಿಗೆ ಹೋಗಿ ಅಕ್ಷರ ಕಲಿಸುವ ಕೆಲಸವನ್ನು ಎಂಟು ವರ್ಷಗಳ ಹಿಂದೆ ಆರಂಭಿಸಿದವನು ಅವನೇ. ಅಂದು ಬೆಳಿಗ್ಗೆ ಗುರುಗಳು ಆ ಕೆಲಸದ ಮುಂದಾಳುತನವನ್ನು ಬಾಳಪ್ಪನೆಂಬ ಕಿರಿಯನಿಗೆ ವಹಿಸಿದ್ದರು. ಬಾಳಪ್ಪ ಇನ್ನೂ ತಡವರಿಸಿ ಓದುವವನು. ಮುರಿಗೆಯ್ಯ ಮಧ್ಯಾಹ್ನದ ಪ್ರಸಾದವನ್ನು ಮುಟ್ಟಿರಲಿಲ್ಲ.

"ತಪ್ಪೋ ಒಪ್ಪೋ, ಇದನ್ನು ಕೇಳಿ ನೀನೇ ಹೇಳು" ಎಂದು ಗುರುಗಳು ಆರಂಭಿಸಿದರು.

ಒಬ್ಬ ಒಡೆಯನ ಗದ್ದೆಯಲ್ಲಿ ನಾಟಿ ಹಾಕಲು ಕೇರಿಯಿಂದ ಇಪ್ಪತ್ತು ಹೆಂಗಸರು ಬರುತ್ತಿದ್ದರು. ಒಂದು ವರ್ಷ ಆ ಒಡೆಯನು, ಕೈ ನಿಧಾನವಾಯಿತೆಂದು ಒಬ್ಬ ಮುದುಕಿಯನ್ನು ನಡುಹಗಲಿನಲ್ಲಿ ಗದ್ದೆಯಿಂದ ಎಬ್ಬಿಸಿ ಕಳುಹಿಸಿದನು. ಆಗ ಒಬ್ಬಳು ಕೈಯಲ್ಲಿದ್ದ ಸಸಿಯ ಕಟ್ಟನ್ನು ಕೆಳಗಿಟ್ಟು, ಬದುವಿನ ಮೇಲೆ ಹೋಗಿ ಕುಳಿತಳು. ಅವಳನ್ನು ನೋಡಿ ಉಳಿದವರೂ ಕುಳಿತರು. ಸಸಿಮಡಿಯಿಂದ ಕಿತ್ತ ಸಸಿ ನೆಡುವವರಿಗಾಗಿ ಕಾಯುವುದಿಲ್ಲ. ಎರಡನೆಯ ದಿನ ಕಟ್ಟುಗಳು ಹಳದಿಗೆ ತಿರುಗಿದಾಗ ಒಡೆಯನು ಮಣಿದನು. ಅಂದಿನಿಂದ ಒಂದು ಕಟ್ಟಳೆ ನಿಂತಿತು. ಇಡೀ ಸಾಲು ಒಂದಾಗಿಯೇ ಸರಿಯಬೇಕು. ಒಬ್ಬಳೂ ಮುನ್ನುಗ್ಗಬಾರದು, ಒಬ್ಬಳನ್ನೂ ಬಿಟ್ಟುಹೋಗಬಾರದು.

ನಾಟಿ ಹಾಕುವವರು ಹಿಮ್ಮುಖವಾಗಿ ನಡೆಯುತ್ತಾರೆ. ಎಲ್ಲರ ಕಾಲೂ ಒಟ್ಟಿಗೆ ಸರಿಯಬೇಕಾದರೆ ನಡುಸಾಲಿನಲ್ಲಿ ಒಬ್ಬಳು ನಿಂತು 'ಹೆಜ್ಜೆ' ಎಂದು ಕೂಗಬೇಕು. ಕೂಗುವವಳೇ ಸಾಲಿನ ಮುಂದಾಳು. ಕೇರಿಯವರು ಕೂಡಿ ಅದಕ್ಕೆ ಒಬ್ಬಳನ್ನು ಆರಿಸಿದರು. ಬದುವಿನ ಮೇಲೆ ಮೊದಲು ಕುಳಿತವಳನ್ನಲ್ಲ. ಎರಡು ವರ್ಷದ ಹಿಂದೆ ಸೊಸೆಯಾಗಿ ಬಂದಿದ್ದ, ಮಾತು ಕಡಿಮೆಯ ಒಬ್ಬ ಹೆಂಗಸನ್ನು.

ಮೊದಲು ಕುಳಿತವಳ ಕೈ ಬಲು ಚುರುಕು. ಅವಳು ಸಾಲಿನ ತುದಿಯಲ್ಲಿ ನಿಲ್ಲುತ್ತಿದ್ದಳು. ತನ್ನ ಪಾಲನ್ನು ನೆಟ್ಟು ಮುಗಿಸಿ, ಸೊಂಟ ಬಗ್ಗಿಸಿಕೊಂಡೇ ನಡುಸಾಲಿನ ಕೂಗಿಗೆ ಕಿವಿಗೊಟ್ಟು ಕಾಯುತ್ತಿದ್ದಳು. ಒಡೆಯನ ಎದುರು ಎದ್ದು ನಡೆದವಳು ತಾನು. ಈಗ ಹೆಜ್ಜೆ ಇಡಲು ನಿನ್ನೆ ಬಂದವಳ ಅಪ್ಪಣೆ ಬೇಕು. ಕೇರಿಯ ಬಾಣಂತಿಯರು ಒಳ್ಳೆಯದಾಗಲೆಂದು ಮಗುವನ್ನು ಮೊದಲು ಆ ಮುಂದಾಳಿನ ಮಡಿಲಿಗೆ ಹಾಕತೊಡಗಿದರು. ಅದನ್ನು ಕಂಡ ದಿನ ಇವಳು ಅನ್ನ ಬಿಟ್ಟಳು. ಮುಂದಾಳು ನೀರು ಸೇದಿ ಬಿಟ್ಟ ಹಗ್ಗವನ್ನು ಹಿಡಿದರೂ ಇವಳ ಅಂಗೈ ಉರಿಯುತ್ತಿತ್ತು.

ಒಂದು ದಿನ ಕೂಗು ಬರುವುದು ಎಂದಿಗಿಂತ ತಡವಾಯಿತು. ಚುರುಕುಗೈಯವಳು ಗಟ್ಟಿಯಾಗಿ ಹೇಳಿದಳು:

"ಏನವ್ವ, ಮದುವೆಯ ದಿಬ್ಬಣ ಹೊರಡಿಸಿದ್ದೀಯಾ? ನೀನು ಹೆಜ್ಜೆ ಅನ್ನುವಷ್ಟರಲ್ಲಿ ನನ್ನ ಕೈಯೊಳಗಿನ ಸಸಿ ತೆನೆ ಬಿಡುತ್ತದೆ."

"ಬಿಡಲಿ ಅಕ್ಕ, ಕೊಯ್ಲಿಗೂ ನಿನ್ನನ್ನೇ ಕರೆಯುತ್ತೇವೆ" ಎಂದಳು ಮುಂದಾಳು.

ಸಾಲಿಗೆ ಸಾಲೇ ನಕ್ಕಿತು. ಆ ನಗೆಯಲ್ಲಿ ವಿಷವಿರಲಿಲ್ಲ. ಆದರೆ ಅದು ಬಿದ್ದ ಎದೆಯಲ್ಲಿತ್ತು. ಅವಳು ಮುಂದಿನ ಕೂಗಿಗೆ ಕಾಯಲಿಲ್ಲ. ನೆಟ್ಟಳು, ಸರಿದಳು, ನೆಟ್ಟಳು, ಸರಿದಳು. "ಅಕ್ಕ, ಸಾಲು" ಎಂದು ಮುಂದಾಳು ಎರಡು ಸಲ ಕರೆದಳು. ಅವಳು ಕೇಳದವಳಂತೆ ಸರಿಯುತ್ತಲೇ ಇದ್ದಳು.

ಅರ್ಧ ಗದ್ದೆ ಕಳೆದ ಮೇಲೆ ತಲೆಯೆತ್ತಿದಳು. ಸಾಲಿನೊಳಗಿದ್ದಾಗ ಪಕ್ಕದವಳ ಬೆನ್ನಿನಾಚೆ ಏನೂ ಕಾಣುತ್ತಿರಲಿಲ್ಲ. ಈಗ ಎಲ್ಲರ ಬೆನ್ನುಗಳೂ ಕಂಡವು. ಮುಂದಾಳಿನ ಪಕ್ಕದಲ್ಲಿ ತುಂಬು ಬಸುರಿಯೊಬ್ಬಳಿದ್ದಳು. ಮುಂದಾಳು ತನ್ನ ಪಾಲನ್ನು ನೆಟ್ಟು, ಪಕ್ಕಕ್ಕೆ ವಾಲಿ ಬಸುರಿಯ ಪಾಲನ್ನೂ ನೆಟ್ಟು, ಆಮೇಲೆ 'ಹೆಜ್ಜೆ' ಎನ್ನುತ್ತಿದ್ದಳು. ಎರಡು ಪಾಲು ನೆಡುವ ಕೈಯನ್ನು ಇಷ್ಟು ದಿನ ತಾನು ನಿಧಾನವೆಂದುಕೊಂಡಿದ್ದೆನೆಂದು ಅವಳಿಗೆ ತಿಳಿಯಿತು.

ಅಲ್ಲಿಯೇ ನಿಲ್ಲಬಹುದಿತ್ತು. ಆದರೆ ಕಾರಣ ಸುಳ್ಳೆಂದು ತಿಳಿದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುವುದಿಲ್ಲ. ನಾಚಿಕೆಯೂ ಸೇರಿ ಇನ್ನಷ್ಟು ಉರಿಯುತ್ತದೆ. ಅವಳು ಮತ್ತೂ ಬೇಗ ಸರಿದಳು. ಹಿಮ್ಮಡಿಗೆ ಬದು ತಗುಲಿತು.

"ಭೇಷ್, ಕೈ ಎಂದರೆ ಇದು" ಎಂದಿತು ಬೆನ್ನ ಹಿಂದಿನ ದನಿ. ಅದು ಒಡೆಯನದು. "ನಾಳೆಯಿಂದ ಇದೇ ಅಳತೆ. ಈ ಹೊತ್ತಿಗೆ ಬದು ಮುಟ್ಟದವರು ಕೇರಿಯಲ್ಲೇ ಇರಲಿ."

ಮರುದಿನ ಬಸುರಿಯೂ ಇನ್ನೂ ಆರು ಮಂದಿಯೂ ಕೆಲಸ ಕಳೆದುಕೊಂಡರು. ಹೆಂಗಸರು ಮತ್ತೆ ಬದುವಿನ ಮೇಲೆ ಕುಳಿತರು. ಒಡೆಯನು ಈ ಸಲ ಬೆದರಲಿಲ್ಲ. "ನಿಮ್ಮವಳೇ ಮಾಡಿ ತೋರಿಸಿದ್ದನ್ನು ಅನ್ಯಾಯ ಎನ್ನುತ್ತೀರಾ?" ಎಂದು ಕೇಳಿದನು. ಎಲ್ಲರೂ ಚುರುಕುಗೈಯವಳ ಕಡೆ ತಿರುಗಿ ನೋಡಿದರು. ಒಬ್ಬೊಬ್ಬರಾಗಿ ಎದ್ದು ಕೆಸರಿಗಿಳಿದರು.

ಮೂರನೆಯ ದಿನ ಚುರುಕುಗೈಯವಳೇ ಹಿಂದೆ ಬಿದ್ದಳು. ಅಂದಿನ ವೇಗ ಅವಳ ಕೈಯದಾಗಿರಲಿಲ್ಲ, ಕಿಚ್ಚಿನದಾಗಿತ್ತು. ಕಿಚ್ಚಿನ ವೇಗವನ್ನು ಮೈ ಎಷ್ಟು ದಿನ ತಾಳೀತು? ಬದು ಇನ್ನೂ ದೂರವಿತ್ತು. ಅಷ್ಟರಲ್ಲಿ ಅವಳ ಪಾಲಿನ ಕೆಸರಿನಲ್ಲಿ ಬೇರೊಂದು ಕೈ ಸಸಿ ಊರಿತು. ಮುಂದಾಳು ಸಾಲಿನ ನಡುವಿನಿಂದ ಬಂದು ಪಕ್ಕದಲ್ಲಿ ನಿಂತಿದ್ದಳು.

ಹೊತ್ತಿಗೆ ಬದು ಮುಟ್ಟಲಿಲ್ಲವೆಂದು ಒಡೆಯನು ಇಬ್ಬರನ್ನೂ ಗದ್ದೆಯಿಂದ ಎಬ್ಬಿಸಿದನು. "ಅಳತೆ ನನ್ನದಲ್ಲ ತಾಯಿ, ನಿನ್ನದೇ" ಎಂದು ಚುರುಕುಗೈಯವಳಿಗೆ ಹೇಳಿದನು. ಇಬ್ಬರೂ ಕೇರಿಯ ದಾರಿ ಹಿಡಿದರು. ಮುರಿದ ಕಟ್ಟಳೆಯನ್ನು ಮತ್ತೆ ನಿಲ್ಲಿಸಲು ಕೇರಿಗೆ ಮೂರು ಮಳೆಗಾಲ ಹಿಡಿಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗೆಯ್ಯನ ಒಳಗಿನ ಕಿಚ್ಚು ಇನ್ನೂ ಆರಿರಲಿಲ್ಲ.

"ಗುರುಗಳೇ, ಮೊದಲು ಕುಳಿತವಳು ಅವಳೇ. ಮೊದಲು ಬದು ಮುಟ್ಟಿದವಳೂ ಅವಳೇ. ಅದು ಸುಳ್ಳಲ್ಲವಲ್ಲ?"

"ಸುಳ್ಳಲ್ಲ ಮುರಿಗೆಯ್ಯ, ಮೊದಲು ಕುಳಿತ ದಿನ ಇಡೀ ಸಾಲು ಅವಳ ಪಕ್ಕದಲ್ಲಿತ್ತು, ಮೊದಲು ಬದು ಮುಟ್ಟಿದ ದಿನ ಅಲ್ಲಿ ಅವಳಿಗಾಗಿ ಕಾದು ನಿಂತಿದ್ದವನು ಒಡೆಯನೊಬ್ಬನೇ."