ಮನೇಲೇ ಉಳಿದ ನಮಸ್ಕಾರ

"ಬೇಡದ ಕೆಲಸ ಯಾವುದು ಅಂತ ಕಂಡುಹಿಡಿಯೋದ್ರಲ್ಲಿ ನನ್ನ ಮೀರಿಸೋರು ಯಾರಾದ್ರೂ ಇದ್ದಾರೇನ್ರಯ್ಯ?"

ಕೆಂಚನಗಡದ ರಾಜ ಮಲ್ಲರಸ ದಿನಾ ಬೆಳಿಗ್ಗೆ ಸಿಂಹಾಸನದಲ್ಲಿ ಕೂತ ಕೂಡ್ಲೇ ಕೇಳ್ತಿದ್ದ ಮಾತು ಇದು. ಇಲ್ಲ ಇಲ್ಲ ಅಂತ ಎಲ್ಲರೂ ತಲೆ ಆಡಿಸ್ತಿದ್ರು. ಹನ್ನೆರಡು ಗಂಟೆಗೆ ಹನ್ನೆರಡು ಸಲ ಗಂಟೆ ಬಾರಿಸೋದು ದಂಡ, ಯಾವಾಗ್ಲೂ ಒಂದೇ ಸಲ ಸಾಕು ಅಂತ ಹೋದ ತಿಂಗಳು ಅಪ್ಪಣೆ ಮಾಡಿದ್ದ. ಅವತ್ತಿಂದ ಊರಲ್ಲಿ ಊಟದ ಹೊತ್ತು ಯಾವುದು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ.

ಸಂಕ್ರಾಂತಿಗೆ ಇನ್ನು ಆರು ದಿನ ಇರುವಾಗ ರಾಜನ ಕಣ್ಣು ಎಳ್ಳು ಬೀರೋದರ ಮೇಲೆ ಬಿತ್ತು.

"ನೋಡಿ, ಈ ಮನೆಯವರು ತಟ್ಟೆಯಲ್ಲಿ ಎಳ್ಳು-ಬೆಲ್ಲ, ಕಬ್ಬು, ಸಕ್ಕರೆ ಅಚ್ಚು ಇಟ್ಕೊಂಡು ಆ ಮನೆಗೆ ಹೋಗಿ ಕೊಡ್ತಾರೆ. ಆ ಮನೆಯವರು ಅದೇ ಎಳ್ಳು-ಬೆಲ್ಲ, ಅದೇ ಕಬ್ಬು, ಅದೇ ಅಚ್ಚು ತಂದು ಈ ಮನೆಗೆ ಕೊಡ್ತಾರೆ. ಕೊಟ್ಟಿದ್ದೂ ಅದೇ, ಬಂದಿದ್ದೂ ಅದೇ! ಸುಮ್ನೆ ಕಾಲು ನೋವು. ಈ ಸಲದಿಂದ ಅವರವರದ್ದು ಅವರವರೇ ಮನೇಲಿ ಇಟ್ಕೊಂಡು ತಿನ್ನಲಿ."

ಸಭೆಯಲ್ಲಿ ಹಂಪಣ್ಣ ಅಂತ ಒಬ್ಬ ವಿದೂಷಕ ಇದ್ದ. ರಾಜನ ಹತ್ತಿರ ಧೈರ್ಯವಾಗಿ ಬಾಯಿ ಬಿಡ್ತಿದ್ದೋನು ಅವನೊಬ್ಬನೇ.

"ಪ್ರಭು, ಆ ತಟ್ಟೆ ನಂಬ್ಕೊಂಡು ಎಷ್ಟೋ ಜನ ಬದುಕ್ತಾರೆ..."

"ತಿನ್ನೋದು ನಿಲ್ಲಿಸಿ ಅಂದ್ನೇನೋ ನಾನು? ತಿಂತಾರೆ, ಅಂಗಡಿಯೂ ನಡೆಯುತ್ತೆ. ನನ್ನ ಮಾತು ತಪ್ಪು ಅಂತ ಹಬ್ಬದೊಳಗೆ ತೋರಿಸು, ಅಪ್ಪಣೆ ವಾಪಸ್ಸು ತಗೋತೀನಿ. ಆಗಲಿಲ್ವೋ, ಬೇಡದ ಕೆಲಸದ ಪಟ್ಟಿಯಲ್ಲಿ ನಿನ್ನ ಕೆಲಸಾನೂ ಸೇರುತ್ತೆ!"

ಮೂರು ದಿನ ಹಂಪಣ್ಣ ತಲೆ ಕೆರ್ಕೊಂಡ. ಏನೂ ಹೊಳೀಲಿಲ್ಲ. ನಾಲ್ಕನೇ ದಿನ ಪೇಟೆ ಕಡೆ ಹೋದ.

ಅಲ್ಲಿ ಸಕ್ಕರೆ ಅಚ್ಚು ಮಾಡೋ ಸಾತಮ್ಮ ಕೂತಿದ್ದಳು. ಅವಳ ಮುಂದೆ ಬೆಳ್ಳಗೆ ಸಾಲಾಗಿ ಆನೆ, ಗಿಳಿ, ಮೀನು, ತುಳಸಿಕಟ್ಟೆ. ಒಂದೂ ಕದಲಿರಲಿಲ್ಲ. ಪಕ್ಕದಲ್ಲಿ ಮರದ ಅಚ್ಚು ಕೆತ್ತೋ ಆಚಾರಿ ಗೊರಕೆ ಹೊಡೀತಿದ್ದ.

"ಹೇಗಕ್ಕ ವ್ಯಾಪಾರ?"

"ಏನು ವ್ಯಾಪಾರ ಹಂಪಣ್ಣ! ಬೆಳಿಗ್ಗೆಯಿಂದ ಒಬ್ಬಳು ಬಂದ್ಲು. ಅವಳೂ ದಾರಿ ಕೇಳೋಕೆ."

"ಮನೇಲಿ ತಿನ್ನೋಕಾದ್ರೂ ಒಯ್ಯಲ್ವಾ?"

ಸಾತಮ್ಮ ಅವನ ಮುಖ ನೋಡಿದಳು. "ತಾನೇ ತಿನ್ನೋಕೆ ಯಾರಾದ್ರೂ ಸಕ್ಕರೆ ಆನೆ ತಗೋತಾರೇನಪ್ಪ? ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡ್ರೆ ಮುಗೀತು. ಆನೆ ಬೇಕಾಗೋದು ಎದುರುಮನೆಯವಳಿಗೆ ಕೊಡೋಕೆ! ಈ ಒಂದು ತಿಂಗಳು ಪಾಕ ಹುಯ್ದ್ರೆ ವರ್ಷವೆಲ್ಲ ನಮ್ಮ ಮನೆ ಒಲೆ ಉರಿಯೋದು. ಈ ವರ್ಷ ಏನು ಮಾಡ್ಲೋ ಗೊತ್ತಿಲ್ಲ."

ಹಂಪಣ್ಣನ ಕಣ್ಣು ಅಗಲ ಆಯ್ತು.

"ಏನಂದೆ? ಇನ್ನೊಂದ್ಸಲ ಹೇಳಕ್ಕ!"

"ಒಲೆ..."

"ಅದಲ್ಲ, ಆನೆದು! ಇರ್ಲಿ ಬಿಡು, ಸಿಕ್ತು. ಒಲೆ ಆರಿಸಬೇಡ!" ಅಂತ ಒಂದು ಆನೆ ಕೊಂಡು ಶಾಲಿನೊಳಗೆ ಇಟ್ಕೊಂಡು ಓಡಿದ.

ಸಂಜೆಯೊಳಗೆ ಸಭೆಯವರ ಮನೆಮನೆಗೂ ಹೋಗಿ ಕಿವಿಯಲ್ಲಿ ಏನೋ ಹೇಳಿ ಬಂದ. ಒಪ್ಪಿಸೋದು ಕಷ್ಟ ಆಗಲಿಲ್ಲ. ಎಲ್ಲರ ಮನೆಯಲ್ಲೂ ಹೆಂಡತಿ ಮಕ್ಕಳು ಎಳ್ಳು ಬೀರೋ ಹಾಗಿಲ್ಲ ಅಂತ ಮುಖ ಊದಿಸ್ಕೊಂಡು ಕೂತಿದ್ರು.

ಮಾರನೇ ಬೆಳಿಗ್ಗೆ ರಾಜ ಗತ್ತಿನಿಂದ ಸಭೆಗೆ ಬಂದ. ಯಾರೂ ಏಳಲಿಲ್ಲ. ಯಾರೂ ಕೈ ಮುಗೀಲಿಲ್ಲ. ದಿನಾ ಗಂಟಲು ಹರ್ಕೊಂಡು ರಾಜನನ್ನ ಹೊಗಳ್ತಿದ್ದ ಹೊಗಳುಭಟ ದ್ಯಾವಯ್ಯ ಸೂರು ನೋಡ್ತಾ ನಿಂತಿದ್ದ.

"ದ್ಯಾವಯ್ಯ, ಪರಾಕು ಎಲ್ಲಿ?"

"ಹೇಳಿ ಆಯ್ತು ಮಹಾಸ್ವಾಮಿ."

"ಯಾವಾಗ?"

"ಮನೇಲಿ, ಹಲ್ಲುಜ್ಜಿದ ಮೇಲೆ."

"ಯಾರಿಗೆ?"

"ನನಗೇ."

ರಾಜ ಸೇನಾಪತಿ ಕಡೆ ತಿರುಗಿದ. ಸೇನಾಪತಿ ಮೀಸೆ ಸವರ್ಕೊಂಡ. "ನಾನೂ ಕನ್ನಡಿ ಮುಂದೆ ನಿಂತು ನನಗೇ ಕೈ ಮುಗಿದು ಬಂದೆ ಪ್ರಭು. ತುಂಬಾ ಮರ್ಯಾದೆ ಸಿಕ್ತು."

ರಾಜನ ಮುಖ ಕೆಂಪಾಯ್ತು. "ಹಂಪಣ್ಣ! ಇದು ನಿನ್ನದೇ ಕಿತಾಪತಿ!"

"ನಂದೆಲ್ಲಿ ಪ್ರಭು, ತಮ್ಮದೇ ಅಪ್ಪಣೆ. ನಾವು ತಮಗೆ ನಮಸ್ಕಾರ ಮಾಡ್ತೀವಿ, ತಾವೂ ನಮಗೆ ಕೈ ಮುಗೀತೀರಿ. ಕೊಟ್ಟಿದ್ದೂ ಅದೇ, ಬಂದಿದ್ದೂ ಅದೇ. ಸುಮ್ನೆ ಸೊಂಟ ನೋವು. ಅದಕ್ಕೇ ಅವರವರದ್ದು ಅವರವರೇ ಮನೇಲಿ ಇಟ್ಕೊಂಡ್ವಿ."

"ಅಯ್ಯೋ ಮಂಕೇ! ಮನೇಲಿ ಇಟ್ಕೊಂಡ್ರೆ ಅದು ನಮಸ್ಕಾರ ಹೇಗಾಗುತ್ತೋ? ಇನ್ನೊಬ್ಬರಿಗೆ ಕೊಟ್ರೆ ತಾನೇ ನಮಸ್ಕಾರ!"

ಹಂಪಣ್ಣ ಇದಕ್ಕೇ ಕಾಯ್ತಿದ್ದ. ಮೆಲ್ಲಗೆ ಸಕ್ಕರೆ ಆನೆ ತೆಗೆದು ರಾಜನ ಕೈಗೆ ಇಟ್ಟ.

"ಇದೂ ಹಾಗೇ ಪ್ರಭು. ಇನ್ನೊಬ್ಬರಿಗೆ ಕೊಡೋದಿದ್ರೇನೇ ಆನೆ. ತಾನೇ ತಿನ್ನೋದಾದ್ರೆ ಬರೀ ಸಕ್ಕರೆ. ಬರೀ ಸಕ್ಕರೆಗೆ ಪೇಟೇಲಿ ಪಾಕ ಹುಯ್ಯೋ ಸಾತಮ್ಮ ಯಾಕೆ ಬೇಕು? ಅಚ್ಚು ಕೆತ್ತೋ ಆಚಾರಿ ಯಾಕೆ ಬೇಕು? ಪೇಟೆಗೆ ಬಂದ ಕಬ್ಬಿನ ಗಾಡಿಗಳು ಬಂದ ದಾರೀಲೇ ತಿರುಗಿ ಹೋದ್ವು. ಎಳ್ಳು ಹಸನು ಮಾಡೋರು, ಕೊಬ್ಬರಿ ಮಾರೋರು, ಎಲ್ಲರೂ ಕೈ ಕಟ್ಕೊಂಡು ಕೂತಿದ್ದಾರೆ. ತಟ್ಟೆ ಈ ಮನೆಯಿಂದ ಆ ಮನೆಗೆ ಹೋಗೋದು ನಾಲ್ಕೇ ಹೆಜ್ಜೆ ಪ್ರಭು. ಆ ನಾಲ್ಕು ಹೆಜ್ಜೆಯಲ್ಲಿ ಅರ್ಧ ಊರು ಉಣ್ತಿತ್ತು."

ರಾಜ ಆನೆಯನ್ನ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, ತನಗೇ ಗೊತ್ತಿಲ್ಲದ ಹಾಗೆ, ಅದರ ಸೊಂಡಿಲು ಮುರಿದು ಬಾಯಿಗೆ ಹಾಕ್ಕೊಂಡ.

"ಪ್ರಭು, ಅದು ಕೊಡೋಕೆ ಇರೋದು!"

ರಾಜನಿಗೆ ನಗು ತಡೆಯೋಕೆ ಆಗಲಿಲ್ಲ. ಬಾಯಲ್ಲಿ ಸೊಂಡಿಲು ಇಟ್ಕೊಂಡೇ ನಕ್ಕ. "ಅಪ್ಪಣೆ ವಾಪಸ್ಸು! ಈಗ್ಲೇ ಡಂಗುರ ಹೊಡೆಸಿ. ಸಾತಮ್ಮನ ಹತ್ತಿರ ಇರೋ ಸಕ್ಕರೆ ಅಚ್ಚೆಲ್ಲ ಕೊಂಡು ಅರಮನೆಗೆ ತನ್ನಿ. ಹಬ್ಬದ ದಿನ ಮೊದಲನೇ ತಟ್ಟೆ ಅವಳ ಮನೆಗೆ ನಾನೇ ಒಯ್ತೀನಿ, ಕಾಲು ನೋವು ಬಂದ್ರೆ ಬರಲಿ!"

"ಆ ಗಂಟೆ ವಿಷಯ, ಪ್ರಭು..." ಹಂಪಣ್ಣ ರಾಗ ಎಳೆದ.

"ಹನ್ನೆರಡು ಸಲ ಬಾರಿಸ್ಕೊಳ್ರಯ್ಯ!"

ಆಮೇಲೆ ರಾಜ ಕೊರಳಿನ ಮುತ್ತಿನ ಹಾರ ತೆಗೆದು ಹಂಪಣ್ಣನಿಗೆ ಹಾಕಿದ. ಹಾಕಿದೋನು ಕಣ್ಣು ಕಿರಿದು ಮಾಡಿ ಕೇಳಿದ:

"ಎಳ್ಳು ಕೊಟ್ಟೋರಿಗೆ ತಿರುಗಿ ಎಳ್ಳು ಕೊಡಬೇಕು, ಅಲ್ವಾ? ಇಷ್ಟು ದೊಡ್ಡ ಹಾರಕ್ಕೆ ನೀನು ತಿರುಗಿ ಏನು ಕೊಡ್ತೀಯೋ?"

ಹಂಪಣ್ಣ ನೆಲ ಮುಟ್ಟೋ ಹಾಗೆ ಬಗ್ಗಿ ಎರಡೂ ಕೈ ಮುಗಿದ.

"ಬೆಳಿಗ್ಗೆ ಮನೇಲೇ ಇಟ್ಟು ಬಂದಿದ್ನಲ್ಲ ಪ್ರಭು, ತಗೊಳ್ಳಿ!"